ಎಡಗೈಯ ತುತ್ತು

ಪ್ರಶ್ನೆ: ನಾನು ಮಾನ್ವಿ ತಾಲ್ಲೂಕಿನ ಹಳ್ಳಿಯವಳು. ನಮ್ಮ ಯಜಮಾನರಿಗೆ ಲಕ್ವಾ ಹೊಡೆದು 14 ತಿಂಗಳಾಯಿತು. ನಡೆದಾಡುತ್ತಾರೆ, ಆದರೆ ಬಲಗೈ ಏಳುವುದಿಲ್ಲ. ಎಡಗೈಯಲ್ಲಿ ಉಂಡರೆ ಅಪಶಕುನವೆಂದು ಅತ್ತೆ ಹೇಳುತ್ತಾರೆ. ಒಳಕೋಣೆಯಲ್ಲಿ ನಾನೇ ಉಣ್ಣಿಸುತ್ತೇನೆ. ಮುಂದಿನ ತಿಂಗಳು ನಾದಿನಿಯ ಮಗಳ ಮದುವೆ, ಬರುವುದಿಲ್ಲ ಎನ್ನುತ್ತಿದ್ದಾರೆ. ಎಡಗೈ ರೂಢಿ ಮಾಡಿಸಿದರೆ ಬಲಗೈಯ ಆಸೆ ಬಿಟ್ಟಂತೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ, ತಾಯಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಒಳಕೋಣೆ’ ಎಂಬ ಮಾತು. ಹೊಲದಲ್ಲಿ ದುಡಿದು ಮನೆಮಂದಿಗೆಲ್ಲ ಅನ್ನ ಹಾಕಿದವರು ಈಗ ತಮ್ಮ ಅನ್ನವನ್ನು ಕದ್ದು ಉಣ್ಣುವಂತಾಗಿದೆ. ಕೈ ಹೋದ ನೋವಿಗಿಂತ ಇದೇ ದೊಡ್ಡದಿರಬಹುದು.

ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲುವುದು ಎಂದು ನೀವು ಹೆದರಿದ್ದೀರಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ನಂಬಿದ ನಿಮ್ಮ ಸೀಮೆಯ ಆತಂಕ ನಿಮಗೆ ನೆನಪಿರಬೇಕು. ಕಾಲುವೆಗೆ ನೀರು ಬರುವುದಿಲ್ಲವೆಂದು ಗೊತ್ತಾದ ವರ್ಷ ರೈತರು ಭತ್ತ ಬಿಟ್ಟು ಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾರೆ. ಅವರು ಕಾಲುವೆಯ ಆಸೆಯನ್ನೇ ಬಿಟ್ಟರೆಂದು ಯಾರಾದರೂ ಅನ್ನುತ್ತಾರೆಯೇ?

ಲಕ್ವಾದಲ್ಲಿ ಹೆಚ್ಚಿನ ಚೇತರಿಕೆ ಮೊದಲ 3ರಿಂದ 6 ತಿಂಗಳಲ್ಲಿ ಆಗುತ್ತದೆ. ಆಮೇಲೂ ಅಭ್ಯಾಸದಿಂದ ಸುಧಾರಿಸಬಹುದು, ಆದರೆ ನಿಧಾನ. ಬಲಗೈಯ ವ್ಯಾಯಾಮ ನಡೆಯುತ್ತಿರಲಿ, ವೈದ್ಯರು ಕೊಟ್ಟ ಮಾತ್ರೆ ಒಂದು ದಿನವೂ ತಪ್ಪದಿರಲಿ. ಊಟವನ್ನು ಮಾತ್ರ ಆ ಕೈಗಾಗಿ ಕಾಯಿಸಬೇಡಿ. ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯುವುದು ಕಷ್ಟ. ಅದನ್ನು ನೀವು ಮುರಿದಿಡಿ. ಗಂಗಾಳ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ತುತ್ತನ್ನು ಅವರೇ ಎತ್ತಲಿ. ಚೆಲ್ಲುತ್ತದೆ, ಚೆಲ್ಲಲಿ.

ಅತ್ತೆಯ ಮೇಲೆ ಸಿಟ್ಟು ಬೇಡ. ಮಗನ ಕೈ ಹೀಗಾಯಿತೆಂಬ ಸಂಕಟಕ್ಕೆ ಅವರಿಗೆ ಸಿಕ್ಕ ಮಾತು ಅಪಶಕುನ. ಆದರೆ ಆ ಮಾತಿಗೆ ಮಣಿಯಬೇಡಿ. ದುಡಿದ ಕೈ, ಅದು ಯಾವುದಾದರೇನು, ಉಣ್ಣುವುದರಲ್ಲಿ ಅಶುಭ ಏನೂ ಇಲ್ಲ. ಇದನ್ನು ಅವರಿಗೆ ನೀವೇ ಮೆಲ್ಲಗೆ ಹೇಳಬೇಕು.

ಇನ್ನೊಂದು ಮಾತು. ಪತ್ರದಲ್ಲಿ ಅತ್ತೆಯ ಅಭಿಪ್ರಾಯವಿದೆ, ನಿಮ್ಮ ಅಳುಕಿದೆ. ಎಡಗೈಯಲ್ಲಿ ಉಣ್ಣಲು ಅವರಿಗೆ ಮನಸ್ಸಿದೆಯೇ ಎಂಬುದು ಎಲ್ಲೂ ಇಲ್ಲ. ಮೊದಲು ಅವರನ್ನು ಕೇಳಿ. ಮದುವೆಗೆ ಈಗಲೇ ಬಲವಂತ ಮಾಡಬೇಡಿ. ಅವರು ಹೂಂ ಅಂದರೆ ಇವತ್ತು ರಾತ್ರಿ ಪಡಸಾಲೆಯಲ್ಲಿ ಎಲ್ಲರ ನಡುವೆ ಅವರ ಗಂಗಾಳ ಇಡಿ, ಪಕ್ಕದಲ್ಲಿ ನೀವೂ ಉಣ್ಣಲು ಕುಳಿತುಕೊಳ್ಳಿ. ಅವರ ಕೈಯನ್ನೇ ನೋಡುತ್ತ ಕೂರಬೇಡಿ; ಹೊಲದ ಮಾತು ತೆಗೆಯಿರಿ.