ಫೋನಿನ ಹಾಟ್‌ಸ್ಪಾಟ್ ಹಳೆಯ ಲ್ಯಾಪ್‌ಟಾಪಿಗೆ ಕಾಣದಿದ್ದರೆ
ಬೇರೆ ಫೋನುಗಳು ಸೇರುತ್ತವೆ, ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಹಾಟ್‌ಸ್ಪಾಟಿನ ಹೆಸರೇ ಕಾಣುತ್ತಿಲ್ಲ ಎಂದಿದ್ದೀರಿ. ಹಾಗಾದರೆ ನನ್ನ ಮೊದಲ ಅನುಮಾನ ಬ್ಯಾಂಡಿನ ಮೇಲೆ, ಅಂದರೆ ವೈಫೈ ಸಿಗ್ನಲ್ ಹೋಗುವ ರೇಡಿಯೋ ಆವರ್ತನದ ಮೇಲೆ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕೊಡುತ್ತಿದ್ದು, ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತಿದ್ದರೆ, ಅದರ ಪಾಲಿಗೆ ಆ ಹಾಟ್‌ಸ್ಪಾಟ್ ಇಲ್ಲವೇ ಇಲ್ಲ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಂಡನ್ನು 2.4ಕ್ಕೆ ಬದಲಿಸಿ. ಐಫೋನ್ 12 ಅಥವಾ ಅದಕ್ಕಿಂತ ಹೊಸದಾದರೆ ಪರ್ಸನಲ್ ಹಾಟ್‌ಸ್ಪಾಟ್ ಪರದೆಯಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ, ಲ್ಯಾಪ್‌ಟಾಪ್ ಸೇರುವವರೆಗೂ ಆ ಪರದೆಯಿಂದ ಹೊರಬರಬೇಡಿ. ವೇಗ ಕೊಂಚ ತಗ್ಗಬಹುದು.

ಹೆಸರು ಕಂಡರೂ ಸರಿಯಾದ ಪಾಸ್‌ವರ್ಡನ್ನೇ ಒಪ್ಪದಿದ್ದರೆ, ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಭದ್ರತೆಯನ್ನು ಡಬ್ಲ್ಯುಪಿಎ3ರಿಂದ (ವೈಫೈ ಭದ್ರತೆಯ ಹೊಸ ಮಾದರಿ) ಹಳೆಯ ಡಬ್ಲ್ಯುಪಿಎ2ಕ್ಕೆ ಇಳಿಸಿ, ಲ್ಯಾಪ್‌ಟಾಪಿನಲ್ಲಿ ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ. ತುರ್ತಿದ್ದರೆ ಫೋನನ್ನು ಲ್ಯಾಪ್‌ಟಾಪಿಗೆ ಕೇಬಲ್‌ನಿಂದ ಜೋಡಿಸಿ, ಆ ಕೇಬಲ್ ಮೂಲಕವೇ ಇಂಟರ್ನೆಟ್ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈಫೈನ ಗೊಡವೆಯೇ ಬೇಡ.