ಮುಟ್ಟಿಗೆ ವಾರ ಮೊದಲೇ ಸಿಟ್ಟು, ಅಳು, ಹೊಟ್ಟೆಯುಬ್ಬರ. ಇದು ಯಾಕೆ, ಏನು ಮಾಡಬಹುದು?

ಇದನ್ನು ಪಿಎಂಎಸ್ ಅಂತಾರೆ. ಅಂಡಾಣು ಬಿಡುಗಡೆಯಾದ ಮೇಲೆ ಏರುವ ಹಾರ್ಮೋನುಗಳು ಮುಟ್ಟು ಹತ್ತಿರ ಬಂದಂತೆ ಇಳಿಯುತ್ತವೆ. ಈ ಏರಿಳಿತ ಎಲ್ಲರಿಗೂ ಇದ್ದದ್ದೇ. ಕೆಲವರ ಮಿದುಳು ಅದಕ್ಕೆ ಜಾಸ್ತಿ ಸ್ಪಂದಿಸುತ್ತದೆ, ಅಷ್ಟೇ. ಮುಟ್ಟು ಶುರುವಾಗಿ ಕೆಲವು ದಿನಗಳಲ್ಲಿ ಎಲ್ಲ ಇಳಿಯುತ್ತದೆ. "ಅವಳಿಗೆ ಸುಮ್ನೆ ಕೋಪ" ಅನ್ನುವವರಿಗೆ ಇದನ್ನು ಹೇಳಿ.

ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಎರಡು ತಿಂಗಳು ಯಾವ ದಿನ ಏನಾಯಿತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಡಾಕ್ಟರಿಗೂ ಬೇಕಾಗುವುದು ಅದೇ.

ಉಪ್ಪು ಕಡಿಮೆ ಮಾಡಿ ಅನ್ನುವುದು ಸುಲಭ. ಆದರೆ ನಮ್ಮ ಮಂಗಳೂರು ಕಡೆ ಗಂಜಿಗೆ ಉಪ್ಪಿನಕಾಯಿ, ಒಣಮೀನು ಚಟ್ನಿ ಇಲ್ಲದಿದ್ದರೆ ಊಟ ಇಳಿಯುತ್ತದಾ? ಆ ವಾರ ಮಾತ್ರ ಸ್ವಲ್ಪ ಕಡಿಮೆ ಬಡಿಸಿಕೊಳ್ಳಿ, ಹೊಟ್ಟೆಯುಬ್ಬರ ತಗ್ಗಬಹುದು. ಕ್ಯಾಲ್ಸಿಯಂನಿಂದ ಹಲವರಿಗೆ ಉಪಯೋಗವಾಗಿದೆ: ರಾಗಿ, ಮೊಸರು, ಮುಳ್ಳು ಸಮೇತ ತಿನ್ನುವ ಸಣ್ಣ ಬೂತಾಯಿ ಮೀನು. ಕಾಫಿ ಕಡಿಮೆ ಮಾಡಿ. ನಿದ್ದೆ ಕೆಡಿಸಿಕೊಳ್ಳಬೇಡಿ. ಸಂಜೆ ಕದ್ರಿ ಪಾರ್ಕಿನಲ್ಲೋ ಮಲ್ಪೆ ಬೀಚಿನಲ್ಲೋ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಅಮ್ಮ ಕೊಡುವ ಜೀರಿಗೆ ಕಷಾಯ ಕುಡಿಯಿರಿ, ಹಾಯೆನಿಸುತ್ತದೆ. ಅದೊಂದೇ ಮದ್ದು ಅಂತ ಕೂರಬೇಡಿ.

ಪ್ರತಿ ತಿಂಗಳೂ ಕೆಲಸಕ್ಕೆ ಹೋಗಲಾಗದಷ್ಟು ಕುಗ್ಗಿದರೆ ಅದು ಪಿಎಂಡಿಡಿ, ಅಂದರೆ ಪಿಎಂಎಸ್‌ನ ತೀವ್ರ ರೂಪ ಇರಬಹುದು. ಸ್ತ್ರೀರೋಗ ತಜ್ಞರನ್ನೋ ಮನೋವೈದ್ಯರನ್ನೋ ಕಾಣಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಕೆಲವರಿಗೆ ತಿಂಗಳಲ್ಲಿ ಎರಡು ವಾರ ಮಾತ್ರ ತಗೊಂಡರೂ ಸಾಕಾಗುತ್ತದೆ. ಸಾಯುವ ಯೋಚನೆ ಬಂದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.