ಗೋಡೆ ಒಡೆದರೆ ಹಾಲ್ ದೊಡ್ಡದಾಗುತ್ತದೆ, ಮೇಲಿನ ಮನೆ ಎಲ್ಲಿ ಕೂರುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನ ಹಳೇ ಮನೆ, ಕಟ್ಟಿದ್ದು 1986ರಲ್ಲಿ. ಮೇಲೊಂದು ಅಂತಸ್ತಿದೆ. ಹಾಲ್ ಮತ್ತು ಪಕ್ಕದ ರೂಮಿನ ನಡುವಿನ ಹತ್ತಡಿ ಗೋಡೆ ತೆಗೆಸಿ ಒಂದೇ ಹಾಲ್ ಮಾಡಬೇಕೆಂದಿದ್ದೇವೆ. ಬಾಗಿಲ ಮೇಲೆ ಲಿಂಟಲ್ (ಅಡ್ಡ ಕಾಂಕ್ರೀಟ್ ಪಟ್ಟಿ) ಇದೆ, ಏನೂ ಆಗಲ್ಲ ಸಾರ್ ಎನ್ನುತ್ತಾರೆ ಮೇಸ್ತ್ರಿ. ಒಡೆಸಬಹುದೇ?

ಈ ಪ್ರಶ್ನೆ ಬಾರದ ವಾರವಿಲ್ಲ. ಲಿಂಟಲ್ ಹೊರುವುದು ಬಾಗಿಲ ಅಗಲದಷ್ಟು ಭಾರವನ್ನು ಮಾತ್ರ. ಅದರ ಎರಡೂ ತುದಿ ಕೂತಿರುವುದು ನೀವು ಒಡೆಯಲು ಹೊರಟ ಗೋಡೆಯ ಮೇಲೆಯೇ. ಗೋಡೆ ಹೋದ ಮೇಲೆ ಅದು ಏನನ್ನು ಹಿಡಿದುಕೊಂಡು ನಿಲ್ಲಬೇಕು?

ಗೋಡೆ ತಟ್ಟಿ ಸದ್ದು ಕೇಳುವುದನ್ನು ಬಿಡಿ, ಬಾಗಿಲ ಹತ್ತಿರ ಟೇಪ್ ಹಿಡಿಯಿರಿ. ಗಾರೆ ಸೇರಿ ಹತ್ತಿಂಚು ಬಂದರೆ ಅದು ಒಂಬತ್ತಿಂಚು ಗೋಡೆ. ಮೂಲೆಗಳಲ್ಲಿ ಪಿಲ್ಲರ್ ಇಲ್ಲ, ಮೋಲ್ಡಿನ (ಕಾಂಕ್ರೀಟ್ ಛಾವಣಿಯ) ಕೆಳಗೆ ಬೀಮ್ ಇಳಿದಿಲ್ಲ, ಮೇಲಂತಸ್ತಿನಲ್ಲೂ ಇದೇ ಗೆರೆಯಲ್ಲಿ ಗೋಡೆಯಿದೆ ಎಂದಾದರೆ ಇಡೀ ಮನೆ ನಿಂತಿರುವುದು ಗೋಡೆಗಳ ಮೇಲೆ. ಆ ಕಾಲದ ಮನೆಗಳು ಹೆಚ್ಚಾಗಿ ಹೀಗೇ. ನಾಲ್ಕೂವರೆ ಇಂಚಿನ ಗೋಡೆಯಾದರೂ ಮೇಲೆ ಬೀಮ್ ಇಲ್ಲದಿದ್ದರೆ ನಂಬಬೇಡಿ.

ಭಾರ ಎಷ್ಟೆಂದು ನೋಡಿ. ಎರಡೂ ಕಡೆ ಹತ್ತಡಿ ರೂಮುಗಳಿದ್ದರೆ, ತಲಾ ಅರ್ಧದಂತೆ ಸುಮಾರು ನೂರು ಚದರಡಿ ಮೋಲ್ಡ್ ಈ ಗೋಡೆಯ ಪಾಲು. ಮೋಲ್ಡ್, ನೆಲಹಾಸು, ಜನ, ಸಾಮಾನು ಸೇರಿ ಚದರಡಿಗೆ 55 ಕೆ.ಜಿ. ಹಿಡಿದರೆ ಐದೂವರೆ ಟನ್. ಮೇಲಿನ ಒಂಬತ್ತಿಂಚು ಗೋಡೆ ನಾಲ್ಕು ಟನ್, ಅದರ ಮೇಲಿನ ತಾರಸಿ ಇನ್ನೊಂದು ಐದು ಟನ್. ಹದಿನಾಲ್ಕು ಟನ್ನಿಗೆ 'ಏನೂ ಆಗಲ್ಲ' ಎಂಬ ಮಾತು ಆಧಾರವಾಗದು.

'ಪಕ್ಕದ ಮನೆಯಲ್ಲಿ ಒಡೆದರು, ಹಾಗೇ ನಿಂತಿದೆಯಲ್ಲ' ಎನ್ನುತ್ತೀರಿ. ಎರಡು ರೂಮಿಗೂ ಒಟ್ಟಿಗೆ ಹಾಕಿದ ಮೋಲ್ಡಿನಲ್ಲಿ ಗೋಡೆಯ ನೇರಕ್ಕೆ ಕಬ್ಬಿಣ ಮೇಲ್ಭಾಗದಲ್ಲಿರುತ್ತದೆ. ಗೋಡೆ ತೆಗೆದರೆ ಅದೇ ಜಾಗ ನಡುಭಾಗವಾಗಿ ಕೆಳಕ್ಕೆ ಬಾಗುತ್ತದೆ, ಅಲ್ಲಿ ಕೆಳಗಡೆ ಕಬ್ಬಿಣ ಸಾಲದು. ಬಿರುಕು ಅಂದೇ ಕಾಣಬೇಕೆಂದಿಲ್ಲ. ಪೇಂಟ್ ಆಗಿ ತಿಂಗಳುಗಳು ಕಳೆದ ಮೇಲೆ, ಹಳೇ ಗೋಡೆಯ ಗೆರೆಯಲ್ಲೇ ಬರಬಹುದು. ಆಗ ಪುಟ್ಟಿ ತುಂಬಿ 'ಪ್ಲಾಸ್ಟರ್ ಬಿರುಕು ಅಷ್ಟೇ' ಎನ್ನುವವರೂ ಸಿಗುತ್ತಾರೆ.

ಆದ್ದರಿಂದ ಪೂರ್ತಿ ಗೋಡೆ ತೆಗೆಯಬೇಡಿ. ಎರಡೂ ಕಡೆ ಎರಡೆರಡು ಅಡಿ ಬಿಟ್ಟು ನಡುವೆ ಆರಡಿ ಮಾತ್ರ ತೆರೆಯಿರಿ. ತೆರೆದ ಜಾಗದ ಮೇಲೆ ಭಾರ ಹೊರಲು ಕೂರಿಸುವ ಬೀಮಿನ ಮೇಲಿನ ಬಾಗುವ ಒತ್ತಡ ಸರಿಸುಮಾರು ಮೂರರಲ್ಲೊಂದಕ್ಕೆ ಇಳಿಯುತ್ತದೆ. ಉಳಿದ ತುಂಡುಗೋಡೆಗಳ ಹಿಂದೆ ಕಪಾಟು ಕೂರಿಸಿ, ಆ ಜಾಗವೂ ದಂಡವಾಗದು.

ಕೆಲಸದ ಕ್ರಮ ತಪ್ಪಬಾರದು. ಗೋಡೆಯಿಂದ ಎರಡಡಿ ದೂರದಲ್ಲಿ ಎರಡೂ ಬದಿ ಮೂರಡಿಗೊಂದರಂತೆ ಜಾಕಿ (ತಿರುಗಿಸಿ ಎತ್ತರ ಹೊಂದಿಸುವ ಕಬ್ಬಿಣದ ಆಧಾರಕಂಬ) ನಿಲ್ಲಿಸಿ, ತಲೆಯ ಮೇಲೆ ಉದ್ದಕ್ಕೆ ಮರದ ತೊಲೆ, ಅಡಿಯಲ್ಲಿ ಹಲಗೆ ಕೊಡಿ. ತೆರೆಯುವ ಜಾಗದ ಎರಡು ತುದಿಗಳಲ್ಲಿ, ಬೀಮ್ ಕೂರುವ ಮಟ್ಟದಲ್ಲಿ, ಒಂದೂವರೆ ಅಡಿ ಉದ್ದ, ಗೋಡೆಯಷ್ಟೇ ಅಗಲ, ಆರಿಂಚು ದಪ್ಪದ ಕಾಂಕ್ರೀಟ್ ದಿಂಡು ಹಾಕಿ ಏಳು ದಿನ ನೀರುಣಿಸಿ. ಬೀಮನ್ನು ನೇರ ಇಟ್ಟಿಗೆಯ ಮೇಲೆ ಕೂರಿಸಿದರೆ ಇಟ್ಟಿಗೆ ನುಗ್ಗಾಗುತ್ತದೆ. ಆಮೇಲೆ ಗೋಡೆಯ ಒಂದು ಬದಿಯಲ್ಲಿ ಮಾತ್ರ ಅರ್ಧ ದಪ್ಪಕ್ಕೆ ಕೊರೆದು ಮೊದಲ ಕಬ್ಬಿಣದ ಐ-ಬೀಮ್ (I ಅಕ್ಷರದ ಆಕಾರದ ತೊಲೆ) ಸೇರಿಸಿ. ಅದು ಭದ್ರವಾದ ಮೇಲೆ ಇನ್ನೊಂದು ಬದಿ. ಎರಡನ್ನೂ ಬೋಲ್ಟ್ ಹಾಕಿ ಬಿಗಿದ ನಂತರವೇ ಕೆಳಗಿನ ಗೋಡೆಗೆ ಕೈ ಹಚ್ಚಬೇಕು. ಬ್ರೇಕರ್ ಯಂತ್ರ ಬೇಡ, ಉಳಿ ಸುತ್ತಿಗೆ ಸಾಕು. 150 ಮಿ.ಮೀ. ಐ-ಬೀಮ್ ಮೀಟರಿಗೆ ಸುಮಾರು 15 ಕೆ.ಜಿ., ಎಂಟಡಿ ತುಂಡನ್ನು ಇಬ್ಬರು ಎತ್ತುತ್ತಾರೆ. ನಿಮ್ಮ ಮನೆಗೆ ಯಾವ ಸೈಜು ಎಂಬುದನ್ನು ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಜಾಗ ನೋಡಿ ಹೇಳಬೇಕು, ಕಬ್ಬಿಣದ ಅಂಗಡಿಯವರಲ್ಲ.

ಎಡವಟ್ಟಾಗುವುದು ಬೀಮ್ ಮತ್ತು ಮೋಲ್ಡಿನ ನಡುವಿನ ಒಂದಿಂಚು ಸಂದಿಯಲ್ಲಿ. ಅಲ್ಲಿ ನೀರುನೀರಾದ ಗಾರೆ ಮೆತ್ತಿದರೆ ಒಣಗಿ ಕುಗ್ಗುತ್ತದೆ, ಜಾಕಿ ಇಳಿಸಿದಾಗ ಮೋಲ್ಡ್ ಅಷ್ಟೂ ಕೆಳಗಿಳಿಯುತ್ತದೆ. ಸಿಮೆಂಟ್ ಒಂದು, ಮರಳು ಮೂರು ಪಾಲು; ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಮರದ ತುಂಡಿನಿಂದ ಗುದ್ದಿ ಗುದ್ದಿ ತುಂಬಿಸಿ. ಒಂದು ವಾರ ಬಿಟ್ಟು, ಎಲ್ಲ ಜಾಕಿಗಳನ್ನೂ ಸರದಿಯಂತೆ ಕಾಲು ಸುತ್ತು ಸಡಿಲಿಸುತ್ತಾ ಬನ್ನಿ. ಕೂಲಿಯವರಿಗೆ ಹೊರಡುವ ಆತುರವೆಂದು ಒಂದೇ ಏಟಿಗೆ ತೆಗೆಸಬೇಡಿ.

ಇನ್ನಷ್ಟು ಪ್ರಶ್ನೆಗಳು:

ವಾಸ್ತು ಪ್ರಕಾರ ಅಡುಗೆಮನೆ ಆಗ್ನೇಯಕ್ಕೆ ತರಲು ಗೋಡೆ ಒಡೆಯಿರಿ ಎಂದಿದ್ದಾರೆ.

ಹೇಳಿದವರೇ ಭಾರದ ಲೆಕ್ಕಕ್ಕೆ ಸಹಿ ಹಾಕಿಕೊಡಲಿ.

ಮೆಟ್ಟಿಲ ಕೆಳಗೆ ಟಾಯ್ಲೆಟ್ ಮಾಡಬಹುದೇ?

ನಿಲ್ಲುವ ಕಡೆ ಏಳಡಿ ಎತ್ತರ ಸಿಕ್ಕರೆ, ಮತ್ತು ನಾಲ್ಕಿಂಚು ಪೈಪಿಗೆ ಚೇಂಬರ್‌ವರೆಗೆ ಹತ್ತಡಿಗೆ ಮೂರಿಂಚು ಇಳಿಜಾರು ಸಿಕ್ಕರೆ ಮಾಡಿ. ಇಲ್ಲದಿದ್ದರೆ ಪೊರಕೆ, ಬಕೆಟ್ ಇಡಿ.

ಚಿಕ್ಕ ರೂಮ್ ದೊಡ್ಡದಾಗಿ ಕಾಣಲು ಕನ್ನಡಿ ಹಾಕಿಸಲೇ?

ಕಾಣುತ್ತದೆ, ಮಂಚ ಹಿಡಿಸುವುದಿಲ್ಲ. ಮೂರಡಿ ಬಾಗಿಲು ತೆರೆದುಕೊಳ್ಳಲು ಏಳು ಚದರಡಿ ತಿನ್ನುತ್ತದೆ, ಅದನ್ನು ಸ್ಲೈಡಿಂಗ್ ಮಾಡಿಸಿ.

ಬಾಲ್ಕನಿ ಅಂಚಿಗೆ ಇಟ್ಟಿಗೆ ಕಟ್ಟಿ ರೂಮಿಗೆ ಸೇರಿಸಿಕೊಳ್ಳಬಹುದೇ?

ಬೇಡ. ಹೊರಚಾಚಿದ ಮೋಲ್ಡಿನ ತುದಿಗೆ ಹತ್ತಡಿ ಎತ್ತರದ ನಾಲ್ಕೂವರೆ ಇಂಚು ಗೋಡೆ ಎಂದರೆ ಅಡಿಗೆ 200 ಕೆ.ಜಿ. ಹೊಸ ಭಾರ. ಗ್ರಿಲ್ ಹಾಕಿಸಿಕೊಳ್ಳಿ.